ಒಂದೇ ಪುಟ, ಹಲವು ಮುಖ

ಗ್ರಂಥವೊಂದು ಅಚ್ಚಾಗಿ ಹೊರಬಿದ್ದ ಮೇಲೆ ಅದರ ಮುಖವು ಎಲ್ಲರ ಮನೆಯಲ್ಲಿಯೂ ಒಂದೇ ಆಗಿರುತ್ತದೆ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಕೊಂಡ ಪ್ರತಿಯಲ್ಲಿಯೂ ಧಾರವಾಡದ ಸುಭಾಸ ರಸ್ತೆಯಲ್ಲಿ ಕೊಂಡ ಪ್ರತಿಯಲ್ಲಿಯೂ ೪೦ನೆಯ ಪುಟದ ಮೂರನೆಯ ಸಾಲು ಒಂದೇ ಶಬ್ದದ ಬಳಿ ಮುಗಿಯುತ್ತದೆ. ಚಿತ್ರವು ಒಂದೇ ಮೂಲೆಯಲ್ಲಿ ಕುಳಿತಿರುತ್ತದೆ. ಓದುವವನು ಬಡವನಿರಲಿ ಬಲ್ಲಿದನಿರಲಿ, ಅವನ ಕನ್ನಡಕವು ಹಳೆಯದಿರಲಿ ಹೊಸದಿರಲಿ, ಪುಟವು ಮಾತ್ರ ಬದಲಾಗುವದಿಲ್ಲ. ಈ ಮಾತು ಎಷ್ಟು ಸಹಜವಾಗಿ ತೋರುತ್ತದೆಂದರೆ ಅದರ ಕಡೆಗೆ ನಮ್ಮ ಲಕ್ಷ್ಯವೇ ಹೋಗುವದಿಲ್ಲ. ಆದರೆ ಈಗ ನಮ್ಮ ಮನೆಮನೆಗಳಲ್ಲಿ ಗಣಕಯಂತ್ರದ ಮೇಲೆಯೂ ಮೊಬೈಲಿನ ಮೇಲೆಯೂ ಓದಲ್ಪಡುತ್ತಿರುವ ಪುಟಗಳಿಗೆ ಈ ಸ್ಥಿರತ್ವವಿಲ್ಲ. ಒಂದೇ ಪುಟವು ಒಬ್ಬರ ಮನೆಯಲ್ಲಿ ಸುಂದರವಾಗಿಯೂ ನೆರೆಮನೆಯಲ್ಲಿ ವಿಕಾರವಾಗಿಯೂ ಕಾಣಿಸಬಹುದು. ಒಂದು ಕಡೆಗೆ ಸುಲಭವಾಗಿ ಓದಿಸಿಕೊಂಡದ್ದು ಇನ್ನೊಂದು ಕಡೆಗೆ ಓದಲಿಕ್ಕೇ ಬಾರದಂತಾಗಬಹುದು. ಇದು ಏಕೆ ಹೀಗೆ, ಇದನ್ನು ತಿದ್ದುವವರು ಯಾರು, ತಿದ್ದುವದರಿಂದ ಯಾರಿಗೆ ಏನು ಲಾಭ ಎಂಬ ವಿಷಯವಾಗಿ ನಾವು ಕಂಡುದನ್ನೂ ಮಾಡಿದುದನ್ನೂ ವಾಚಕರ ಮುಂದೆ ಇಡಬೇಕೆಂದಿದ್ದೇವೆ. ಇದು ಯಂತ್ರಕ್ಕೆ ಸಂಬಂಧಿಸಿದ ವಿಷಯವೆಂದು ಗೃಹಸ್ಥರು ಪುಟವನ್ನು ಮಗುಚಬಾರದು; ಇದರ ಮೂಲದಲ್ಲಿರುವ ಪ್ರಶ್ನೆಯು ಮನುಷ್ಯರದೇ.

ನಾವು ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನಲ್ಲಿ ಸಂಸ್ಕೃತವನ್ನು ಕಲಿಸಿ ಈಗ ನಿವೃತ್ತರಾಗಿದ್ದೇವೆ. ಯಂತ್ರವಿದ್ಯೆಯು ನಮ್ಮ ಶಾಸ್ತ್ರವಲ್ಲ. ನಮ್ಮನ್ನು ಈ ಕಡೆಗೆ ಎಳೆದದ್ದು ವಿಕಿ ಎಂಬ ಪದ್ಧತಿ. ೧೯೯೫ರಲ್ಲಿ ಅಮೇರಿಕೆಯ ವಾರ್ಡ್ ಕನಿಂಗ್‌ಹ್ಯಾಮ್ ಎಂಬವರು, ಓದುವವರೇ ತಿದ್ದಬಹುದಾದ ಪುಟಗಳ ಸಮೂಹವೊಂದನ್ನು ನಿರ್ಮಿಸಿ, ಹವಾಯಿ ಭಾಷೆಯಲ್ಲಿ ‘ಶೀಘ್ರ’ ಎಂಬರ್ಥವುಳ್ಳ ವಿಕಿ ಶಬ್ದದಿಂದ ಅದಕ್ಕೆ ಹೆಸರಿಟ್ಟರು. ಆ ಪದ್ಧತಿಯಿಂದಲೇ ೨೦೦೧ರಲ್ಲಿ ಇಂಗ್ಲಿಷ್ ವಿಕಿಪೀಡಿಯವೂ ೨೦೦೩ರಲ್ಲಿ ಕನ್ನಡ ವಿಕಿಪೀಡಿಯವೂ ಹುಟ್ಟಿದವು. ಕನ್ನಡದ್ದರಲ್ಲಿ ಈಗ ೩೦ ಸಾವಿರಕ್ಕೂ ಮಿಕ್ಕಿದ ಲೇಖಗಳಿವೆ. ಅಲ್ಲಿ ಬರೆಯುವವರು ಸಂಬಳವಿಲ್ಲದೆ ದುಡಿಯುವ ಸಾಮಾನ್ಯ ಜನರು. ಒಬ್ಬನು ಬರೆದುದನ್ನು ಇನ್ನೊಬ್ಬನು ತಿದ್ದಬಹುದು, ತಿದ್ದಿದುದೆಲ್ಲವೂ ಆ ಪುಟದ ‘ಇತಿಹಾಸ’ದಲ್ಲಿ ದಾಖಲಾಗಿರುತ್ತದೆ, ಎಲ್ಲರೂ ಕೂಡಿ ಚರ್ಚಿಸುವ ಸ್ಥಳಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರು. ಊರ ಹಿರಿಯರು ಕುಳಿತು ಮಾತಾಡುವ ಕಟ್ಟೆಯ ಹೆಸರನ್ನು ಯಂತ್ರದೊಳಕ್ಕೆ ತಂದವರ ರಸಿಕತೆಗೆ ನಾವು ತಲೆದೂಗಿದೆವು.

ವಿಕಿಪೀಡಿಯವನ್ನು ನಡೆಸುವ ತಂತ್ರಾಂಶವು ಯಾರಾದರೂ ಧರ್ಮಾರ್ಥವಾಗಿ ಪಡೆದು ಬಳಸತಕ್ಕದ್ದು. ಆದಕಾರಣ ನಮ್ಮ ಕೆಲವು ಗೆಳೆಯರು ಅದನ್ನೇ ತಂದು, ಈ ಭಾಗದ ಊರು, ಕೆರೆ, ದೇವಾಲಯಗಳ ವಿಷಯವಾಗಿ ಒಂದು ಚಿಕ್ಕ ವಿಕಿಯನ್ನು ನಡೆಸುತ್ತಿದ್ದರು. ಉಣಕಲ್ಲಿನ ಚಂದ್ರಮೌಳೇಶ್ವರ, ಅಣ್ಣಿಗೇರಿಯ ಅಮೃತೇಶ್ವರ, ಕುಂದಗೋಳದ ಶಂಭುಲಿಂಗ ಮುಂತಾದ ಗುಡಿಗಳ ಪುಟಗಳಿಗೆ ನಾವೂ ಕೈಹಚ್ಚಿದೆವು. ಮೊದಮೊದಲು ಕಾಗುಣಿತದ ತಪ್ಪುಗಳನ್ನು ತಿದ್ದುವದಷ್ಟೇ ನಮ್ಮ ಕೆಲಸವಾಗಿದ್ದಿತು. ಮುಂದೆ, ತಪ್ಪು ಬರವಣಿಗೆಯಲ್ಲಿಲ್ಲದಿದ್ದರೂ ಪುಟವು ತಪ್ಪಾಗಿ ಕಾಣುವ ಸಂಗತಿಯು ನಮ್ಮ ಗಮನಕ್ಕೆ ಬಂದಿತು.

ಅದರ ಕಾರಣವನ್ನು ಹೀಗೆ ಹೇಳಬಹುದು. ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವನು ಒಬ್ಬನೇ ಇರುತ್ತಾನೆ. ಅವನು ಜೋಡಿಸಿದ ಪುಟವೇ ಸಾವಿರ ಪ್ರತಿಗಳಾಗಿ ಹೊರಡುತ್ತದೆ. ಆದರೆ ಅಂತರ್ಜಾಲದಲ್ಲಿ ನಮಗೆ ಬರುವದು ಜೋಡಿಸಿದ ಪುಟವಲ್ಲ. ಹಸ್ತಪ್ರತಿ ಮತ್ತು ಅದರೊಡನೆ ‘ಇದನ್ನು ದಪ್ಪ ಅಕ್ಷರದಲ್ಲಿ ಜೋಡಿಸು, ಇದನ್ನು ಬಲಕ್ಕಿಡು, ಇಷ್ಟು ಅಂಚು ಬಿಡು’ ಎಂಬ ಸೂಚನೆಗಳು, ಇಷ್ಟೇ ನಮ್ಮ ಮನೆಗೆ ಬರುತ್ತವೆ. ಅವನ್ನು ಓದಿ ಪುಟವನ್ನು ಜೋಡಿಸುವ ಕೆಲಸವು ನಮ್ಮ ಯಂತ್ರದಲ್ಲಿರುವ ಬ್ರೌಸರು ಎಂಬ ತಂತ್ರಾಂಶದ್ದು. ಅಂದಮೇಲೆ ಎಷ್ಟು ಮನೆಗಳೋ ಅಷ್ಟು ಮಂದಿ ಮೊಳೆ ಜೋಡಿಸುವವರು ಇದ್ದಂತಾಯಿತು. ಅವರಲ್ಲಿ ಒಬ್ಬನು ಹೊಸಬ, ಒಬ್ಬನು ಹಳಬ. ಒಬ್ಬನು ಸೂಚನೆಯನ್ನು ಒಂದು ರೀತಿಯಿಂದ ತಿಳಿದುಕೊಂಡರೆ ಇನ್ನೊಬ್ಬನು ಮತ್ತೊಂದು ರೀತಿಯಿಂದ ತಿಳಿದುಕೊಳ್ಳುತ್ತಾನೆ. ಇದೇ ಎಲ್ಲ ತೊಡಕಿನ ಮೂಲ.

ಸೂಚನೆಗಳಿಗೆ ಒಂದು ಸರ್ವಸಮ್ಮತವಾದ ವ್ಯಾಕರಣವಿರಬೇಕೆಂದು ಬಲ್ಲವರು ಬಹಳ ಹಿಂದೆಯೇ ಕಂಡುಕೊಂಡರು. ೧೯೯೪ರಲ್ಲಿ ಟಿಮ್ ಬರ್ನರ್ಸ್‌-ಲೀ ಅವರ ನೇತೃತ್ವದಲ್ಲಿ ಅಂತರ್ಜಾಲದ ನಿಯಮಗಳನ್ನು ಗೊತ್ತುಮಾಡುವ ಮಂಡಲಿಯು ಸ್ಥಾಪಿತವಾಯಿತು. ಅದೇ ವರ್ಷ ನಾರ್ವೆ ದೇಶದ ಹೋಕನ್ ವಿಯುಮ್ ಲೀ ಎಂಬವರು, ಬರಹವು ಬೇರೆ, ಅದರ ವೇಷಭೂಷಣವು ಬೇರೆ ಇರಬೇಕೆಂದು ಸೂಚಿಸಿ ಸಿ.ಎಸ್.ಎಸ್. ಎಂಬ ಶೈಲಿಸೂತ್ರಗಳ ಕಲ್ಪನೆಯನ್ನು ಮುಂದಿಟ್ಟರು. ೧೯೯೬ರ ಡಿಸೆಂಬರದಲ್ಲಿ ಅದರ ಮೊದಲನೆಯ ಪಾಠವು ಪ್ರಕಟವಾಯಿತು. ಆದರೆ ನಿಯಮವು ಪ್ರಕಟವಾದ ಮಾತ್ರಕ್ಕೆ ಎಲ್ಲರೂ ಅದನ್ನು ಒಂದೇ ರೀತಿಯಾಗಿ ನಡೆಸಿದರೆಂದಲ್ಲ.

ಒಂದು ಉದಾಹರಣೆಯನ್ನು ಕೊಡುತ್ತೇವೆ. ಮನೆ ಕಟ್ಟಿಸಿದವರಿಗೆ ಇದು ಕೂಡಲೆ ತಿಳಿಯುವದು. ಕೋಣೆಯ ಅಗಲವನ್ನು ಗೋಡೆಯ ಒಳಗಿನಿಂದ ಅಳೆಯಬೇಕೋ ಹೊರಗಿನಿಂದ ಅಳೆಯಬೇಕೋ? ಪುಟದ ಮೇಲಿನ ಪ್ರತಿಯೊಂದು ಚೌಕಕ್ಕೂ ಒಳಗೆ ಬರಹ, ಅದರ ಸುತ್ತ ಸ್ವಲ್ಪ ತೆರವು, ತೆರವಿನ ಸುತ್ತ ಒಂದು ಗೆರೆ ಇರುತ್ತವೆ. ಅಗಲ ೨೦೦ ಬಿಂದುಗಳೆಂದು ಬರೆದು, ಎರಡೂ ಬದಿಗೆ ೧೦ ಬಿಂದು ತೆರವು ಮತ್ತು ೫ ಬಿಂದು ಗೆರೆ ಇರಲೆಂದು ಸೂಚಿಸಿದೆವೆನ್ನೋಣ. ಮಂಡಲಿಯ ನಿಯಮದಂತೆ ೨೦೦ ಎಂಬದು ಒಳಗಿನ ಬರಹದ ಅಳತೆ. ಹೊರಗಿನಿಂದ ಅಳೆದರೆ ಚೌಕವು ೨೩೦ ಆಗುತ್ತದೆ. ಆದರೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಂಬ ಬ್ರೌಸರಿನ ೫ನೆಯ ಆವೃತ್ತಿಯು ಗೋಡೆಯ ಹೊರಗಿನಿಂದ ಅಳೆಯುತ್ತಿದ್ದಿತು. ಅದಕ್ಕೆ ಇಡೀ ಚೌಕವೇ ೨೦೦. ೪೦೦ ಬಿಂದುಗಳ ಜಾಗದಲ್ಲಿ ಇಂಥ ಎರಡು ಚೌಕಗಳನ್ನು ಪಕ್ಕಪಕ್ಕದಲ್ಲಿ ಕೂಡಿಸಿದರೆ, ಹೊರಗಿನಿಂದ ಅಳೆಯುವವನಿಗೆ ಅವು ಸರಿಯಾಗಿ ಹೊಂದುತ್ತವೆ. ಒಳಗಿನಿಂದ ಅಳೆಯುವವನಿಗೆ ೪೬೦ ಆಗಿ, ಎರಡನೆಯ ಚೌಕವು ಜಾಗ ಸಾಲದೆ ಕೆಳಕ್ಕೆ ಜಾರಿಬೀಳುತ್ತದೆ. ೨೦೦೧ರಲ್ಲಿ ಬಂದ ೬ನೆಯ ಆವೃತ್ತಿಯು, ಪುಟದ ತಲೆಯಲ್ಲಿ ತಕ್ಕ ಘೋಷಣೆಯಿದ್ದರೆ ಮಂಡಲಿಯ ಅಳತೆಯನ್ನೇ ಅನುಸರಿಸಿತು. ಮುಂದೆ ಕೆಲವು ವರ್ಷಗಳಾದ ಮೇಲೆ ಶೈಲಿಸೂತ್ರಗಳಲ್ಲಿಯೇ ‘ಯಾವ ರೀತಿಯಿಂದ ಅಳೆಯಬೇಕು’ ಎಂದು ಹೇಳುವ ಸೌಕರ್ಯವು ಸೇರಿತು. ಈಗ ಅನೇಕ ನಿಪುಣರು ಹೊರಗಿನಿಂದ ಅಳೆಯುವದೇ ಅನುಕೂಲವೆಂದು ತಾವಾಗಿಯೇ ಅದನ್ನು ಆರಿಸಿಕೊಳ್ಳುತ್ತಾರೆ. ದೋಷವು ಅಳತೆಯ ರೀತಿಯಲ್ಲಿ ಇರಲಿಲ್ಲ. ಇಬ್ಬರು ಎರಡು ರೀತಿಯಿಂದ ಅಳೆದದ್ದೇ ದೋಷ.

ಶೈಲಿಸೂತ್ರಗಳನ್ನು ಓದತೊಡಗಿದಾಗ ನಮಗೆ ಅವು ಅಷ್ಟೇನೂ ಅಪರಿಚಿತವೆನಿಸಲಿಲ್ಲ. ವ್ಯಾಕರಣಶಾಸ್ತ್ರದಲ್ಲಿ ಉತ್ಸರ್ಗವೆಂದರೆ ಸಾಮಾನ್ಯ ನಿಯಮ, ಅಪವಾದವೆಂದರೆ ವಿಶೇಷ ನಿಯಮ. ಅಪವಾದವು ಉತ್ಸರ್ಗವನ್ನು ಬಾಧಿಸುತ್ತದೆ. ಸಮಬಲವುಳ್ಳ ಎರಡು ಸೂತ್ರಗಳಿಗೆ ವಿರೋಧ ಬಂದರೆ ಮುಂದೆ ಹೇಳಿದ ಸೂತ್ರಕ್ಕೆ ಜಯವೆಂದು ಪಾಣಿನಿಯು ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದಲ್ಲಿಯೇ ವಿಧಿಸಿದ್ದಾನೆ. ಶೈಲಿಸೂತ್ರಗಳಲ್ಲಿಯೂ ಸ್ಥೂಲವಾಗಿ ಇದೇ ನ್ಯಾಯ: ಎಲ್ಲ ಚೌಕಗಳಿಗೂ ಅನ್ವಯಿಸುವ ಸೂತ್ರಕ್ಕಿಂತ ಒಂದೇ ಚೌಕವನ್ನು ಹೆಸರಿಸುವ ಸೂತ್ರವು ಬಲವತ್ತರ, ಬಲವು ಸಮವಾಗಿದ್ದರೆ ಕಡೆಗೆ ಬಂದದ್ದೇ ಪ್ರಮಾಣ. ಇನ್ನೊಂದು ಸೌಕರ್ಯವೂ ಉಂಟು. ಬ್ರೌಸರು ತನಗೆ ತಿಳಿಯದ ಸೂಚನೆಯನ್ನು ಕಂಡರೆ ಜಗಳಾಡದೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಆದಕಾರಣ ಹಳಬನಿಗೆ ತಿಳಿಯುವ ಸೂಚನೆಯನ್ನು ಮೊದಲು, ಹೊಸಬನಿಗೆ ಮಾತ್ರ ತಿಳಿಯುವ ಸೂಚನೆಯನ್ನು ನಂತರ ಬರೆದರೆ ಇಬ್ಬರೂ ತಮತಮಗೆ ತಕ್ಕದ್ದನ್ನು ಆಯ್ದುಕೊಳ್ಳುತ್ತಾರೆ. ಪುಟದ ರೋಗಕ್ಕೆ ಔಷಧವನ್ನು ಹುಡುಕುವವರಿಗೆ ಇವೆರಡು ನ್ಯಾಯಗಳೇ ಮುಖ್ಯ ಆಧಾರ.

ಇಷ್ಟನ್ನು ತಿಳಿದುಕೊಂಡಿದ್ದರೂ ಇದು ನಮಗೆ ಬುದ್ಧಿಯ ವಿನೋದವಷ್ಟೇ ಆಗಿದ್ದಿತು. ೨೦೦೯ರಲ್ಲಿ ನಡೆದ ಒಂದು ಸಂಗತಿಯಿಂದ ಅದರ ಬೆಲೆಯು ಗೊತ್ತಾಯಿತು. ನಮ್ಮ ತಂಗಿಯು ಆಗ ನವಲಗುಂದ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಳು. ಶಾಲೆಗೆ ಬೇರೆ ಬೇರೆ ಕಾಲಕ್ಕೆ ದಾನವಾಗಿ ಬಂದ ಮೂರು ಗಣಕಯಂತ್ರಗಳಿದ್ದವು. ಜಿಲ್ಲೆಯ ಗುಡಿಗಳ ಮೇಲೆ ಮಕ್ಕಳಿಂದ ಪ್ರಬಂಧ ಬರೆಯಿಸಬೇಕೆಂದು ಅವಳು ನಮ್ಮ ಚಿಕ್ಕ ವಿಕಿಯ ಪುಟವನ್ನು ಅವರಿಗೆ ತೋರಿಸಿದಳು. ಸಂಜೆ ಅವಳ ಫೋನು ಬಂದಿತು.

“ಅಣ್ಣಾ, ನೀ ಹೇಳಿದ ಪುಟ ತೆರದ್ವಿ. ಒಂದು ಕಂಪ್ಯೂಟರಿನ್ಯಾಗ ಅಕ್ಷರೆಲ್ಲಾ ಒಡದಾವ. ಇನ್ನೊಂದರಾಗ ಅರ್ಧಾ ಪುಟ ಖಾಲಿ, ಚಿತ್ರ ಎಲ್ಲೋ ತಳಗ ಹೋಗಿ ಬಿದ್ದದ. ಮೂರನೇದರಾಗಷ್ಟ ಛಂದ ಕಾಣಸ್ತದ. ಒಂದ ಪುಟ ಮೂರು ಥರಾ ಹೆಂಗ?” ಎಂದು ಕೇಳಿ, ಸ್ವಲ್ಪ ತಡೆದು, “ಒಬ್ಬಾಕಿ ಹುಡುಗಿ ನನಗ ಕೇಳಿದ್ಲು: ‘ಬಾಯಾರ, ಇಂಗ್ಲಿಷ್ ಸರಿ ಬರ್ತೈತಿ, ಕನ್ನಡ ಯಾಕ ಒಡೀತೈತ್ರಿ? ಕಂಪ್ಯೂಟರಿಗೆ ಕನ್ನಡ ಬರೂದಿಲ್ಲೇನ್ರಿ?’ ನನಗ ಏನು ಹೇಳಬೇಕು ತಿಳೀಲಿಲ್ಲ” ಎಂದಳು.

ಆ ಮಗುವಿನ ಪ್ರಶ್ನೆಯು ನಮ್ಮನ್ನು ಬಹಳ ಹೊತ್ತು ಕಾಡಿತು. ಹತ್ತು ವರ್ಷದ ಹುಡುಗಿಯು ಯಂತ್ರದ ದೋಷವನ್ನು ಯಂತ್ರದ ಮೇಲೆ ಹಾಕಲಿಲ್ಲ. ತನ್ನ ಭಾಷೆಯ ಮೇಲೆ ಹಾಕಿದಳು. ತನ್ನ ತಾಯಿಯು ಆಡುವ ಮಾತು ಈ ಹೊಸ ವಿದ್ಯೆಗೆ ತಕ್ಕದ್ದಲ್ಲವೆಂಬ ಭಾವನೆಯು ಒಮ್ಮೆ ಮಗುವಿನ ಮನಸ್ಸಿನಲ್ಲಿ ಬೇರೂರಿದರೆ, ಅದನ್ನು ಯಾವ ರಾಜ್ಯೋತ್ಸವದ ಭಾಷಣವೂ ಕಿತ್ತುಹಾಕಲಾರದು. ಕನ್ನಡ ಲಿಪಿಗೆ ಯುನಿಕೋಡ್ ಎಂಬ ಜಾಗತಿಕ ಸಂಕೇತಮಾಲೆಯಲ್ಲಿ ೧೯೯೧ರ ಮೊದಲನೆಯ ಆವೃತ್ತಿಯಿಂದಲೇ ಸ್ಥಾನವಿದ್ದಿತು. ಅಂದರೆ ಯಂತ್ರಕ್ಕೆ ಕನ್ನಡ ಬಾರದೆಂಬ ಮಾತೇ ಸುಳ್ಳು. ಆದರೆ ಇದನ್ನು ಆ ಹುಡುಗಿಗೆ ವಾದದಿಂದ ಹೇಳಿ ಉಪಯೋಗವಿರಲಿಲ್ಲ, ಕಣ್ಣಿಗೆ ಕಾಣಿಸಬೇಕಾಗಿದ್ದಿತು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಹುಬ್ಬಳ್ಳಿಯಲ್ಲಿ ತಂತ್ರಾಂಶದ ಕೆಲಸ ಮಾಡುತ್ತಿದ್ದು, ವಿಕಿಗೂ ನೆರವಾಗುತ್ತಿದ್ದನು. ಅವನನ್ನು ಕರೆಯಿಸಿ ಸಂಗತಿಯನ್ನು ಹೇಳಿದಾಗ ಅವನು ನಕ್ಕು, “ಮಾಸ್ತರ, ಹಳೇ ಬ್ರೌಸರಿನ ಸಲುವಾಗಿ ನಾವ್ಯಾಕ ತ್ರಾಸ ತಗೋಬೇಕ್ರಿ? ಹೊಸಾದು ಪುಕ್ಕಟೆ ಸಿಗ್ತದ. ಹಾಕ್ಕೋರಿ ಅಂತ ಹೇಳಿಬಿಟ್ರ ಮುಗೀತು” ಎಂದನು.

“ಖರೆ ಅದ ತಮ್ಮಾ. ಆದರ ಆ ಹುಡುಗಿಗೆ ಯಾರು ಹೇಳಬೇಕು? ಆ ಶಾಲೆಯೊಳಗ ಹಾಕಿಕೊಡಾವರು ಯಾರಿದ್ದಾರ? ನೀ ಒಮ್ಮೆ ಇಲ್ಲೆ ಕೂತು ತಿದ್ದಿದರ ನೂರು ಸಾಲಿಗೆ ಮುಟ್ಟತದ, ನೂರು ಸಾಲಿಗೆ ಹೋಗಿ ಹೇಳೂದು ನಿನಗೂ ಆಗೂದಿಲ್ಲ, ನನಗೂ ಆಗೂದಿಲ್ಲ” ಎಂದೆವು. ಅವನು ಸುಮ್ಮನೆ ಸ್ವಲ್ಪ ಹೊತ್ತು ಯೋಚಿಸಿ, ಮುಂದಿನ ಆದಿತ್ಯವಾರ ನಮ್ಮೊಡನೆ ಆ ಹಳ್ಳಿಗೆ ಬಂದನು.

ರೋಗವನ್ನು ಕಂಡುಹಿಡಿಯುವ ಕ್ರಮವು ವೈದ್ಯರ ಕ್ರಮದಂತೆಯೇ ಇರುತ್ತದೆ. ವಿಕಿಯಲ್ಲಿ ‘ಪ್ರಯೋಗಪುಟ’ವೆಂಬದೊಂದು ಇರುತ್ತದೆ, ಅಲ್ಲಿ ಏನು ಮಾಡಿದರೂ ಮೂಲಪುಟಕ್ಕೆ ಧಕ್ಕೆಯಿಲ್ಲ. ದೋಷವುಳ್ಳ ಪುಟವನ್ನು ಅಲ್ಲಿಗೆ ನಕಲು ಮಾಡಿ, ಅರ್ಧ ಭಾಗವನ್ನು ತೆಗೆದು ನೋಡಿದೆವು. ದೋಷವು ಉಳಿದಿದ್ದರೆ ಅದು ಉಳಿದರ್ಧದಲ್ಲಿದೆ, ಹೋಗಿದ್ದರೆ ತೆಗೆದರ್ಧದಲ್ಲಿದೆ. ಹೀಗೆ ಅರ್ಧದಲ್ಲಿ ಅರ್ಧವನ್ನು ತೆಗೆಯುತ್ತ ಹೋದರೆ ದೊಡ್ಡ ಪುಟದಲ್ಲಿಯೂ ಏಳೆಂಟು ಸಲಕ್ಕೆ ದೋಷದ ಸಾಲು ಸಿಕ್ಕಿಬಿಡುತ್ತದೆ. ಪ್ರತಿಯೊಂದು ಸಲವೂ ಮೂರು ಯಂತ್ರಗಳಲ್ಲಿಯೂ ನೋಡಬೇಕು. ಒಂದರಲ್ಲಿ ಸರಿಯಾಯಿತೆಂದು ಎದ್ದುಬಿಡಬಾರದು.

ಮೊದಲನೆಯ ಯಂತ್ರದಲ್ಲಿ ಅಕ್ಷರಗಳು ಒಡೆದುದರ ಕಾರಣವು ವಿಚಿತ್ರವಾಗಿದ್ದಿತು. ಅಚ್ಚಿನ ಪುಸ್ತಕದಂತೆ ಸಾಲಿನ ಎರಡೂ ತುದಿಗಳು ಸಮವಾಗಿರಲೆಂದು ಯಾರೋ ಪುಟಕ್ಕೆ ಒಂದು ಸೂಚನೆಯನ್ನು ಕೊಟ್ಟಿದ್ದರು. ಮೊಳೆ ಜೋಡಿಸುವವನು ಸಾಲನ್ನು ಹಿಗ್ಗಿಸಬೇಕಾದರೆ ಶಬ್ದ ಶಬ್ದಗಳ ನಡುವೆ ತೆರವನ್ನು ಸೇರಿಸುತ್ತಾನೆ. ಆ ಹಳೆಯ ಬ್ರೌಸರಾದರೋ ಸಾಲನ್ನು ಹಿಗ್ಗಿಸುವ ಅವಸರದಲ್ಲಿ ಶಬ್ದವನ್ನೇ ಬಿಡಿ ಸಂಕೇತಗಳಾಗಿ ಕಡಿದು ಒಂದೊಂದನ್ನೇ ಬೇರೆ ಬೇರೆ ಇಡುತ್ತಿದ್ದಿತು. ರೋಮನ್ ಲಿಪಿಗೆ ಇದರಿಂದ ಬಾಧೆಯಿಲ್ಲ. ಅಲ್ಲಿ ಪ್ರತಿಯೊಂದು ಅಕ್ಷರವೂ ಬಿಡಿಬಿಡಿಯಾಗಿಯೇ ನಿಲ್ಲುತ್ತದೆ. ಕನ್ನಡದಲ್ಲಿ ಹಾಗಲ್ಲ. ‘ಕನ್ನಡ’ ಎಂಬ ಶಬ್ದದ ನಡುವಣ ಅಕ್ಷರವು ಯಂತ್ರದ ಕಡತದಲ್ಲಿ ನಕಾರ, ಹಲಂತದ ಚಿಹ್ನೆ, ಮತ್ತೆ ನಕಾರ ಎಂದು ಮೂರು ಸಂಕೇತಗಳಾಗಿರುತ್ತದೆ; ಮೂರನ್ನೂ ಒಟ್ಟಿಗೆ ಓದಿದರೆ ಮಾತ್ರ ಒತ್ತಕ್ಷರವು ಕೂಡುತ್ತದೆ. ಕಡಿದಿಟ್ಟರೆ ಸಂಧಿಯು ಮುರಿಯುತ್ತದೆ. ಇಂಗ್ಲಿಷು ಸರಿಯಾಗಿ ಬಂದು ಕನ್ನಡವು ಒಡೆದುದರ ರಹಸ್ಯವು ಇಷ್ಟೇ. ಔಷಧವೂ ಸುಲಭ: ಎರಡೂ ತುದಿ ಸಮವಾಗಿರಬೇಕೆಂಬ ಆ ಒಂದು ಅಲಂಕಾರವನ್ನು ತೆಗೆದೆವು. ಎಡತುದಿ ಸಮವಾಗಿದ್ದು ಬಲತುದಿ ಏರುಪೇರಾಗಿ ನಿಂತಿತು, ಅಕ್ಷರಗಳೆಲ್ಲವೂ ಕೂಡಿಕೊಂಡವು.

ಎರಡನೆಯ ಯಂತ್ರದಲ್ಲಿ ಅಂಕಣವು ಕೆಳಕ್ಕೆ ಬಿದ್ದುದರ ಕಾರಣವು ಬೇರೆ. ಪಕ್ಕಕ್ಕೆ ಸರಿಸಿದ ಚೌಕದ ಹೊರಬದಿಗೆ ಬಿಟ್ಟ ಅಂಚನ್ನು ಅಲ್ಲಿಯ ಬ್ರೌಸರು ಎರಡು ಪಟ್ಟು ಮಾಡಿ ಲೆಕ್ಕ ಹಿಡಿಯುತ್ತಿದ್ದಿತು. ನಮ್ಮ ವಿದ್ಯಾರ್ಥಿಯು ಕೂಡಲೆ ಎರಡು ಅಂಕಣಗಳ ಅಗಲವನ್ನು ಬಿಂದುಗಳ ಲೆಕ್ಕದಲ್ಲಿ ಗಟ್ಟಿಯಾಗಿ ಗೊತ್ತುಮಾಡಿಬಿಟ್ಟನು. ಆ ಯಂತ್ರದಲ್ಲಿ ಪುಟವು ಸರಿಯಾಯಿತು. ಆದರೆ ಮೂರನೆಯದರ ಪರದೆಯು ಚಿಕ್ಕದಾಗಿದ್ದುದರಿಂದ ಅಲ್ಲಿ ಪುಟದ ಬಲಭಾಗವು ಹೊರಗೆ ಹೋಯಿತು. ಪ್ರತಿಯೊಂದು ಸಾಲಿಗೂ ಪುಟವನ್ನು ಎಡಕ್ಕೂ ಬಲಕ್ಕೂ ಎಳೆದು ಓದಬೇಕಾಯಿತು. ಒಬ್ಬನ ನೋವಿಗೆ ಕೊಟ್ಟ ಔಷಧವು ಇನ್ನೊಬ್ಬನಿಗೆ ನೋವನ್ನು ತಂದಿತು. ಅವನು ತಲೆ ತುರಿಸಿಕೊಂಡು, ಗಟ್ಟಿ ಅಳತೆಯನ್ನು ತೆಗೆದು, ಚೌಕದ ಹೊರಗಿನ ಅಂಚನ್ನೂ ತೆಗೆದು, ಬೇಕಾದಷ್ಟು ತೆರವನ್ನು ಚೌಕದ ಒಳಗಿನ ಇನ್ನೊಂದು ಚಿಕ್ಕ ಚೌಕಕ್ಕೆ ಕೊಟ್ಟನು. ಎರಡು ಪಟ್ಟು ಮಾಡಲು ಹೊರಗೆ ಅಂಚೇ ಇಲ್ಲದ್ದರಿಂದ ಎರಡನೆಯ ಯಂತ್ರವು ಸುಮ್ಮನಾಯಿತು. ಮೂರನೆಯದಕ್ಕ��ಂತೂ ತೊಂದರೆಯೇ ಇರಲಿಲ್ಲ. ಮೂರರಲ್ಲಿಯೂ ಗುಡಿಯ ಚಿತ್ರವು ಪಕ್ಕದಲ್ಲಿ ಕುಳಿತುಕೊಂಡಿತು, ಬರಹವು ಓದಿಸಿಕೊಂಡಿತು. ಮೂರೂ ಪುಟಗಳು ತದ್ರೂಪವಾಗಿರಲಿಲ್ಲ. ಒಂದರಲ್ಲಿ ಅಕ್ಷರ ದಪ್ಪ, ಒಂದರಲ್ಲಿ ಸಪೂರ, ಒಂದರಲ್ಲಿ ಸಾಲು ಗಿಡ್ಡ. ಆದರೆ ಹೇಳಬೇಕಾದುದನ್ನು ಮೂರೂ ಹೇಳುತ್ತಿದ್ದವು. ಮರುದಿನ ಮಕ್ಕಳು ಪ್ರಬಂಧಗಳನ್ನು ಬರೆದರೆಂದೂ, ಪ್ರಶ್ನೆ ಕೇಳಿದ ಹುಡುಗಿಯು ಒಡೆದ ಅಕ್ಷರಗಳಿದ್ದ ಯಂತ್ರದ ಮುಂದೆಯೇ ಹೋಗಿ ಕುಳಿತಳೆಂದೂ ನಮ್ಮ ತಂಗಿಯು ತಿಳಿಸಿದಳು.

ನಮ್ಮ ವಿದ್ಯಾರ್ಥಿಯು ಹೇಳಿದ ಮಾತಿನಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಹಳೆಯದನ್ನೆಲ್ಲ ಕೊನೆಯ ವರೆಗೆ ಹೊತ್ತು ನಡೆಯುವದು ಅಶಕ್ಯ. ಹಳೆಯ ಬ್ರೌಸರುಗಳಲ್ಲಿ ಕಳ್ಳರು ನುಗ್ಗುವ ಕಂಡಿಗಳು ಮುಚ್ಚದೆ ಉಳಿದಿರುತ್ತವೆ. ಆದ್ದರಿಂದ ಅವನ್ನು ಬಿಟ್ಟುಕೊಡುವದು ಓದುಗನಿಗೂ ಹಿತ. ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಕೊನೆಯ ಆವೃತ್ತಿಗೆ ೨೦೨೨ರ ಜೂನ್ ೧೫ರಂದು ಅದರ ನಿರ್ಮಾಪಕರೇ ವಿದಾಯ ಹೇಳಿದರು. ಹಾಗಾದರೆ ಎಲ್ಲಿಯ ವರೆಗೆ ಹಳಬರನ್ನು ಕಾಯಬೇಕು? ಬಹಳ ಕಾಲ ಈ ಕೆಲಸವನ್ನು ಮಾಡಿದ ಮೇಲೆ ನಮಗೆ ಹೊಳೆದ ಉತ್ತರವಿದು: ಅರ್ಥವು ಎಲ್ಲರಿಗೂ ಸಮವಾಗಿ ಸಲ್ಲಬೇಕು, ಅಲಂಕಾರವು ಅವರವರ ಶಕ್ತಿಯಂತೆ ಸಲ್ಲಲಿ. ಮದುವೆಯ ಮನೆಯಲ್ಲಿ ಬೀಗರಿಗೆ ಬೆಳ್ಳಿಯ ತಾಟು ಇಟ್ಟು ಉಳಿದವರಿಗೆ ಪತ್ರಾವಳಿ ಹಾಕಿದರೆ ಯಾರೂ ಕೋಪಗೊಳ್ಳುವದಿಲ್ಲ. ಆದರೆ ಪತ್ರಾವಳಿಯ ಪಂಕ್ತಿಗೆ ಅನ್ನವೇ ಬರದಿದ್ದರೆ ಅದು ಮನೆಯವರ ಅಪಕೀರ್ತಿ. ಹೊಸ ಬ್ರೌಸರಿನವನಿಗೆ ದುಂಡಗಿನ ಮೂಲೆ, ನೆರಳು, ಬಣ್ಣಗಳು ಕಾಣಲಿ. ಹಳಬನಿಗೆ ಬರಹವು ಕ್ರಮವಾಗಿ ಕಾಣಲಿ. ಆದಕಾರಣ ಬರಹವನ್ನು ಓದುವ ಕ್ರಮದಲ್ಲಿಯೇ ಬರೆದಿಟ್ಟು ಅಲಂಕಾರವನ್ನು ಆಮೇಲೆ ತೊಡಿಸಬೇಕು. ಕಣ್ಣಿಲ್ಲದವರಿಗೆ ಪುಟವನ್ನು ಗಟ್ಟಿಯಾಗಿ ಓದಿಹೇಳುವ ಯಂತ್ರಗಳಿಗೂ ಈ ಕ್ರಮದಿಂದಲೇ ಉಪಕಾರವಾಗುತ್ತದೆ.

ಹಳಬರನ್ನು ಕಂಡ ಈ ನ್ಯಾಯವು ಹೊಸಬರು ಬಂದಾಗಲೂ ಫಲಕೊಟ್ಟಿತು. ಕೆಲವೇ ವರ್ಷಗಳಲ್ಲಿ ಜನರು ಮೊಬೈಲಿನ ಮೇಲೆ ಓದತೊಡಗಿದರು. ಆಂಡ್ರಾಯ್ಡಿನ ೪.೧ನೆಯ ಆವೃತ್ತಿಯು ೨೦೧೨ರಲ್ಲಿ ಬಂದಾಗ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆಯಿತು. ಅಂಗೈಯಗಲದ ಪರದೆಯ ಮೇಲೆ ಕನ್ನಡವು ಓಡಾಡತೊಡಗಿತು. ಗಟ್ಟಿ ಅಳತೆಯಿಂದ ಕಟ್ಟಿದ ಪುಟಗಳು ಅಲ್ಲಿ ಹಿಡಿಸಲಿಲ್ಲ. ಸಡಿಲಾಗಿ ಕಟ್ಟಿದ ನಮ್ಮ ಗುಡಿಗಳ ಪುಟಕ್ಕೆ ಅಲ್ಪ ತಿದ್ದುಪಡಿಯೇ ಸಾಕಾಯಿತು. ‘ಪರದೆಯು ಇಷ್ಟಕ್ಕಿಂತ ಕಿರಿದಾಗಿದ್ದರೆ ಅಂಕಣಗಳನ್ನು ಒಂದರ ಕೆಳಗೊಂದು ಇಡು’ ಎಂಬ ಸೂತ್ರವು ಈಗ ಉಂಟು. ಆದರೆ ಅದನ್ನು ಚೌಕದೊಳಗೆಯೇ ಬರೆದ ಶೈಲಿಯಲ್ಲಿ ಸೇರಿಸಲು ಬರುವದಿಲ್ಲ. ಪ್ರತ್ಯೇಕವಾದ ಶೈಲಿಪುಟದಲ್ಲಿಯೇ ಬರೆಯಬೇಕು. ವಿಕಿಪೀಡಿಯದಲ್ಲಿ ಹಲವು ಪುಟಗಳಿಗೆ ಸಮಾನವಾದ ಅಚ್ಚಿಗೆ ಟೆಂಪ್ಲೇಟು ಎನ್ನುತ್ತಾರೆ. ೨೦೧೮ರಿಂದ ಪ್ರತಿಯೊಂದು ಟೆಂಪ್ಲೇಟಿಗೂ ತನ್ನದೇ ಆದ ಶೈಲಿಪುಟವನ್ನು ಇಟ್ಟುಕೊಳ್ಳುವ ಅನುಕೂಲವಿದೆ. ಒಂದು ಟೆಂಪ್ಲೇಟನ್ನು ತಿದ್ದಿದರೆ ಅದನ್ನು ಬಳಸುವ ಸಾವಿರ ಪುಟಗಳೂ ತಿದ್ದುತ್ತವೆ. ಕೆಡಿಸಿದರೆ ಸಾವಿರವೂ ಕೆಡುತ್ತವೆ. ಆದ್ದರಿಂದ ಅಲ್ಲಿ ಕೈಯಿಡುವ ಮುನ್ನ ಪ್ರಯೋಗಪುಟದಲ್ಲಿ ನೋಡುವದೂ, ಚರ್ಚೆಪುಟದಲ್ಲಿ ನಾಲ್ವರ ಅಭಿಪ್ರಾಯ ಕೇಳುವದೂ ಸಂಪ್ರದಾಯವಾಗಿದೆ.

ನಮ್ಮ ಲಿಪಿಗೇ ವಿಶೇಷವಾದ ಇನ್ನೊಂದು ತೊಡಕನ್ನು ಹೇಳಿ ಮುಗಿಸುತ್ತೇವೆ. ‘ಶಾಸ್ತ್ರ’, ‘ರಾಷ್ಟ್ರ’ ಎಂದು ಬರೆದು ನೋಡಿರಿ: ಅಕ್ಷರದ ಕೆಳಗೆ ಒಂದು ಒತ್ತು, ಅದರೊಡನೆ ಇನ್ನೊಂದು. ರೋಮನ್ ಲಿಪಿಯ ಎತ್ತರವನ್ನು ಮನಸ್ಸಿನಲ್ಲಿಟ್ಟು ಸಾಲುಗಳ ಅಂತರವನ್ನು ಗೊತ್ತುಮಾಡಿದರೆ ನಮ್ಮ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ಕೆಲವು ಕಡೆಗೆ ಶಿರೋನಾಮದ ಕಾಲುಗಳೇ ಕತ್ತರಿಸಿದಂತೆ ಕಾಣುತ್ತವೆ. ಇದನ್ನು ಯಾರೋ ಕಂಡು, ಯಾರೋ ಹೇಳಿ, ಯಾರೋ ತಿದ್ದಿದ್ದರಿಂದಲೇ ವಿಕಿಪೀಡಿಯದ ತಂತ್ರಾಂಶದಲ್ಲಿ ಕನ್ನಡವೂ ಸೇರಿ ಅನೇಕ ಭಾರತೀಯ ಭಾಷೆಗಳ ಶಿರೋನಾಮಗಳಿಗೆ ಸಾಲಿನ ಎತ್ತರವನ್ನು ಹೆಚ್ಚಿಸುವ ಪ್ರತ್ಯೇಕ ಸೂತ್ರವು ಸೇರಿದೆ. ಅಪವಾದಸೂತ್ರವೆಂದರೆ ಇದೇ. ಅದರ ಫಲವನ್ನು ನಾವು ದಿನಾಲು ಉಣ್ಣುತ್ತೇವೆ. ಅದನ್ನು ಬರೆದವರ ಹೆಸರು ನಮಗೆ ಬೇಕಾಗುವದೂ ಇಲ್ಲ.

ಇಂಥ ಕೆಲಸದಲ್ಲಿ ಗೃಹಸ್ಥರು ಮಾಡಬಹುದಾದ ಸಹಾಯವು ಚಿಕ್ಕದೇನಲ್ಲ. ಪುಟವು ವಿಕಾರವಾಗಿ ಕಂಡರೆ ‘ಕನ್ನಡದ ಕೆಲಸವೆಲ್ಲ ಹೀಗೆಯೇ’ ಎಂದು ಮುಚ್ಚಿಬಿಡಬಾರದು. ಯಾವ ಪುಟ, ಯಾವ ಯಂತ್ರ, ಯಾವ ಬ್ರೌಸರು ಮತ್ತು ಅದರ ಎಷ್ಟನೆಯ ಆವೃತ್ತಿ, ಏನು ಕಾಣಬೇಕಾಗಿದ್ದಿತು, ಏನು ಕಂಡಿತು ಎಂಬ ಇಷ್ಟನ್ನು ಬರೆದು, ಸಾಧ್ಯವಾದರೆ ಪರದೆಯ ಚಿತ್ರವನ್ನೂ ಜೊತೆಗಿಟ್ಟು, ಚರ್ಚೆಪುಟದಲ್ಲಿಯೋ ಅರಳಿ ಕಟ್ಟೆಯಲ್ಲಿಯೋ ತಿಳಿಸಬೇಕು. ತಿದ್ದುವವನಿಗೆ ತನ್ನ ಮನೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ; ನಿಮ್ಮ ಮನೆಯ ಪರದೆಯನ್ನು ಅವನು ನೋಡಲಾರನು. ವಿಕಿಯಲ್ಲಿ ಬರೆಯುವವರಾದರೋ, ತಮ್ಮ ಪುಟವನ್ನು ಇನ್ನೊಬ್ಬರ ಮನೆಯ ಯಂತ್ರದಲ್ಲಿ ಒಮ್ಮೆಯಾದರೂ ತೆರೆದು ನೋಡುವ ರೂಢಿಯನ್ನು ಇಟ್ಟುಕೊಳ್ಳಬೇಕು. ಅದಕ್ಕೆ ಹಣ ಬೇಕಿಲ್ಲ, ನೆರೆಯವರ ಸ್ನೇಹವಿದ್ದರೆ ಸಾಕು.

ಚೆನ್ನಾಗಿ ತಿದ್ದಿದ ಪುಟದಲ್ಲಿ ತಿದ್ದಿದ ಗುರುತು ಉಳಿಯುವದಿಲ್ಲ. ಓದುವವರು ಗುಡಿಯ ಕಥೆಯನ್ನು ಓದಿ ಹೋಗುತ್ತಾರೆ. ಅಂಕಣವು ಬೀಳದೆ ನಿಂತಿರುವದು ಅವರ ಅರಿವಿಗೇ ಬರುವದಿಲ್ಲ. ಪುಟದ ಇತಿಹಾಸದಲ್ಲಿ ಮಾತ್ರ ‘ಅಂಚು ಸರಿಪಡಿಸಿದ್ದು’ ಎಂಬ ಎರಡು ಶಬ್ದಗಳು, ತಾರೀಖಿನೊಡನೆ, ಬಿದ್ದುಕೊಂಡಿರುತ್ತವೆ. ಕೆಲಸಕ್ಕೆ ಅಷ್ಟು ಸಾಕು.